ಏಟಿಗೆ ಮೊದಲೇ ಇದ್ದ ಗಂಟು

ಓಬಯ್ಯ ಬೀಜ ಒಡೆಯುವವನು. ಈ ಮಾತು ಕೇಳಿದರೆ ಪೇಟೆಯ ಜನ ಮುಖ ಸಿಂಡರಿಸುತ್ತಾರೆ. ಹಬ್ಬದ ದಿನ ಮೂಳೆ ಚೀಪುವಾಗ ಮಾತ್ರ ಆ ಮಾಂಸ ಯಾಕಿಷ್ಟು ಮೆತ್ತಗಿದೆ, ಯಾಕೆ ಟಗರಿನ ನಾತ ಹೊಡೆಯುವುದಿಲ್ಲ ಎಂದು ಯಾರೂ ಕೇಳುವುದಿಲ್ಲ. ಟಗರು ಮರಿಗೆ ಆರೇಳು ತಿಂಗಳಾದಾಗ ಅದರ ಬೀಜದ ನರ ಜಜ್ಜಿಬಿಟ್ಟರೆ ಅದು ಹೆಣ್ಣಿನ ಬೆನ್ನು ಹತ್ತುವುದನ್ನು ಮರೆತು, ಮೇದದ್ದನ್ನೆಲ್ಲ ಮೈಗೆ ಹಾಕಿಕೊಳ್ಳುತ್ತದೆ. ವೈ.ಎನ್.ಹೊಸಕೋಟೆ ಸುತ್ತಿನ ಗೊಲ್ಲರ ಹಟ್ಟಿಗಳಲ್ಲಿ ಮೂವತ್ತು ವರ್ಷದಿಂದ ಆ ಕೆಲಸ ಓಬಯ್ಯನದು. ಪಾವಗಡದ ಪಶು ಆಸ್ಪತ್ರೆಯವರು ಇಕ್ಕಳ ತಂದು ನೋವಿಲ್ಲದೆ ಮಾಡುತ್ತೇವೆ ಎಂದು ಎಷ್ಟು ಹೇಳಿದರೂ, ಹಟ್ಟಿಯವರು ಅವರಿಗೆ ಟೀ ಕುಡಿಸಿ ಕಳಿಸಿ ಓಬಯ್ಯನನ್ನೇ ಕರೆಯುತ್ತಿದ್ದರು.

ಅವನ ರೀತಿ ಹೀಗಿತ್ತು. ಟಗರನ್ನು ಕೆಡವುತ್ತಿದ್ದ. ತನ್ನ ಎರಡು ತೊಡೆಗಳ ನಡುವೆ ಅದರ ಸೊಂಟವನ್ನು ಅಮುಕಿ ಹಿಡಿಯುತ್ತಿದ್ದ. ಚೀಲದ ಬುಡದಲ್ಲಿ ಬೆರಳಾಡಿಸಿ ನರ ಹುಡುಕಿ, ಅದನ್ನು ಎರಡು ಬಿದಿರು ದಬ್ಬೆಗಳ ನಡುವೆ ಸಿಕ್ಕಿಸಿ, ಮರದ ಕೊಡತಿಯಿಂದ ಒಂದೇ ಏಟು. ಚರ್ಮ ಹರಿಯಬಾರದು, ಒಂದು ತೊಟ್ಟು ರಕ್ತ ಕಾಣಬಾರದು, ಒಳಗಿನ ನರ ಮಾತ್ರ ನುಗ್ಗಾಗಬೇಕು. ಟಗರು ಕಿರುಚಿದ್ದು ಪಕ್ಕದ ಹಟ್ಟಿಗೆ ಕೇಳುತ್ತಿತ್ತು. ಏಟು ಬಿದ್ದ ನರ ಮೂರು ದಿನಕ್ಕೆ ಗಂಟುಗಟ್ಟುತ್ತದೆ, ಹದಿನೈದು ದಿನ ಊದಿಕೊಂಡಿರುತ್ತದೆ, ಆಮೇಲೆ ತಾನಾಗಿಯೇ ಬತ್ತುತ್ತದೆ. ಓಬಯ್ಯನಿಗೆ ಗೊತ್ತಿದ್ದ ವೈದ್ಯಶಾಸ್ತ್ರ ಇಷ್ಟೇ, ಮತ್ತು ಇದು ಒಂದು ಸಲವೂ ಸುಳ್ಳಾಗಿರಲಿಲ್ಲ.

ಮನುಷ್ಯ ಮುಂಗೋಪಿ. ಹೊಡೆಯುವುದು, ಹೊಡೆಸಿಕೊಳ್ಳುವುದು ಎರಡೂ ಅವನಿಗೆ ಊಟದಷ್ಟೇ ಸಲೀಸು. ಮದುವೆಯಾದ ಹೊಸದರಲ್ಲಿ ಹೆಂಡತಿ ಗೌರಕ್ಕನಿಗೆ ಕೆನ್ನೆಗೆ ಬಾರಿಸಿದ್ದ. ಆಕೆ ಕೈಯಲ್ಲಿದ್ದ ಮುದ್ದೆ ಕೋಲಿನಿಂದ ಅವನ ಮುಂದಿನ ಹಲ್ಲು ಕಳಚಿದಳು. ಅಲ್ಲಿಂದ ಮುಂದೆ ಆ ಮನೆಯಲ್ಲಿ ಶಾಂತಿ ನೆಲೆಸಿತು. ಯಾರಿಗೆ ಏನಾದರೂ ಓಬಯ್ಯ ಮೊದಲು ಕೇಳುತ್ತಿದ್ದ ಪ್ರಶ್ನೆ, ಯಾರು ಮಾಡಿದ್ದು ಅಂತ. ಕುರಿ ಸತ್ತರೂ ಅದೇ, ಮಳೆ ಬರದಿದ್ದರೂ ಅದೇ. ಯಾರೂ ಮಾಡದೆ ಏನಾದರೂ ಆಗುತ್ತದೆ ಎಂಬುದನ್ನು ಅವನ ತಲೆ ಒಪ್ಪುತ್ತಿರಲಿಲ್ಲ. ಅವನಿಗೆ ಒಬ್ಬನೇ ಮಗ, ಚಿಕ್ಕರಾಜು. ಬಲಸಮುದ್ರದ ಕಡೆ ಸೋಲಾರ್ ಪಾರ್ಕಿನಲ್ಲಿ ಕಾವಲುಗಾರನ ಕೆಲಸ. ಅಪ್ಪನಷ್ಟೇ ಕೋಪ, ಆದರೆ ಅಪ್ಪನೆಂದರೆ ದೇವರು. ಅಪ್ಪನ ಬಾಯಿಂದ ಸುಳ್ಳು ಬರುವುದಿಲ್ಲ ಎಂದು ಆ ಇಪ್ಪತ್ತೆಂಟು ವರ್ಷದ ಗಂಡಸು ಮಗುವಿನ ಹಾಗೆ ನಂಬಿದ್ದ. ಓಬಯ್ಯನಿಗೆ ಲೋಕದಲ್ಲಿ ಇದಕ್ಕಿಂತ ದೊಡ್ಡ ಆಸ್ತಿ ಇರಲಿಲ್ಲ.

ಒಂದು ದೀಪಾವಳಿಯ ಸುಮಾರಿಗೆ ಟಗರೊಂದನ್ನು ತೊಡೆಯಲ್ಲಿ ಅಮುಕಿದಾಗ ಬಲತೊಡೆಯ ಒಳಮಗ್ಗುಲಲ್ಲಿ ಏನೋ ಚುಳ್ಳೆಂದಿತು. ಆ ದಿನ ಸ್ನಾನ ಮಾಡುವಾಗ ಬೆರಳಾಡಿಸಿ ನೋಡಿದ. ಅವರೆಕಾಳಿನಷ್ಟು ಗಂಟು. ಅಮುಕಿದರೆ ನೋವಿಲ್ಲ, ಜರುಗಿಸಿದರೆ ಜರುಗುವುದಿಲ್ಲ. ಸಾವಿರಾರು ನರಗಳನ್ನು ಕತ್ತಲಲ್ಲೂ ಗುರುತಿಸಬಲ್ಲ ಬೆರಳುಗಳು ಅವು. ಇದು ನರವಲ್ಲ, ಕೊಬ್ಬಲ್ಲ, ಬಾವೂ ಅಲ್ಲ ಎಂದು ಅವುಗಳಿಗೆ ಕೂಡಲೇ ತಿಳಿಯಿತು. ಯಾರೂ ಹೊಡೆಯದೆ ಗಂಟು ಹೇಗೆ ಬಂತು ಎಂದು ಓಬಯ್ಯ ಒಂದು ಗಳಿಗೆ ಯೋಚಿಸಿ, ಪಂಚೆ ಕಟ್ಟಿಕೊಂಡು, ಮರೆತುಬಿಟ್ಟ. ಗೌರಕ್ಕನಿಗೂ ಹೇಳಲಿಲ್ಲ.

ಅದಾಗಿ ಮೂರು ತಿಂಗಳಿಗೆ ಪೆದ್ದಣ್ಣನ ಟಗರುಗಳ ಸರದಿ ಬಂತು. ಪೆದ್ದಣ್ಣ ಅದೇ ಹಟ್ಟಿಯವನು. ಬೇಸಿಗೆಯಲ್ಲಿ ಆಂಧ್ರದ ಕಡೆ ಕುರಿ ಹೊಡೆದುಕೊಂಡು ಹೋಗುವಾಗ ಓಬಯ್ಯ ಮತ್ತು ಅವನು ಹದಿನೈದು ವರ್ಷ ಒಂದೇ ಒಲೆಯಲ್ಲಿ ಬೇಯಿಸಿ ತಿಂದವರು. ಸಾಧು ಮನುಷ್ಯ, ಮಾತು ಕಡಿಮೆ. ಅವನ ಮಂದೆಯಲ್ಲಿ ಐದು ಮರಿಗಳ ಬೀಜ ಒಡೆಯಬೇಕಿತ್ತು. ಆರನೆಯದು ಬನ್ನೂರಿನ ಕಡೆಯಿಂದ ತಂದು, ಸ್ವಂತ ಮಗುವಿನ ಹಾಗೆ ಸಾಕಿದ್ದ ಬೀಜದ ಟಗರು. ಮುಂದಿನ ಮಂದೆಯೆಲ್ಲ ಅದರಿಂದಲೇ ಹುಟ್ಟಬೇಕು. ಕಪ್ಪು ಕಿವಿಯದನ್ನು ಮುಟ್ಟಬೇಡ ಎಂದು ಪೆದ್ದಣ್ಣ ಎರಡು ಸಲ ಹೇಳಿ ನೀರು ಸೇದಲು ಹೋದ.

ಆ ಹೊತ್ತಿಗೆ ಶಿರಾದ ಕುರಿ ವ್ಯಾಪಾರಿಗಳು ನಾಲ್ಕು ಜನ ಬಂದು ನಿಂತಿದ್ದರು. ನೋಡುವವರಿದ್ದರೆ ಓಬಯ್ಯನ ಕೈಗೆ ದೆವ್ವ ಹಿಡಿಯುತ್ತಿತ್ತು. ಉಸ್ತಾದ್, ಕ್ಯಾ ಹಾಥ್ ಹೈ, ಎಂಥಾ ಕೈ ಎಂದು ಒಬ್ಬ ಹೊಗಳಿದ. ಓಬಯ್ಯ ಒಂದರ ಹಿಂದೊಂದು ಕೆಡವಿದ, ಅಮುಕಿದ, ಹೊಡೆದ. ಐದಕ್ಕೆ ನಿಲ್ಲಬೇಕಾದ ಕೈ ಆರಕ್ಕೆ ಹೋಗಿ ನಿಂತಿತು. ಕಪ್ಪು ಕಿವಿಯ ಟಗರು ಕಿರುಚಿದ ದನಿಯೇ ಬೇರೆ. ಪೆದ್ದಣ್ಣ ಕೊಡ ಬಿಸಾಕಿ ಓಡಿ ಬಂದ.

ಅಲ್ಲೇ ಒರಗಿಸಿಟ್ಟಿದ್ದ ಕುರಿ ಕಾಯುವ ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ಇನ್ನೂ ಕೂತೇ ಇದ್ದ ಓಬಯ್ಯನ ಬಲತೊಡೆಗೆ ಬೀಸಿದ. ಕೋಲು ಮುರಿಯಿತು. ಓಬಯ್ಯ ಎದ್ದವನೇ ಅವನ ಕತ್ತು ಹಿಡಿದು ನೆಲಕ್ಕೆ ಕೆಡವಿದ. ಪೆದ್ದಣ್ಣ ಅವನ ಭುಜ ಕಚ್ಚಿ ಮಾಂಸ ಕೀಳುವಷ್ಟು ಹಲ್ಲೂರಿದ. ಓಬಯ್ಯ ಅವನ ಕಿವಿಗೆ ಗುದ್ದಿದ, ಮೂಗಿಗೆ ಗುದ್ದಿದ. ಕುರಿಗಳ ಹಿಕ್ಕೆಯಲ್ಲಿ ಇಬ್ಬರೂ ಹೊರಳಾಡಿದರು. ವ್ಯಾಪಾರಿಗಳು ನಾಲ್ಕೂ ಜನ ಸೇರಿ ಬಿಡಿಸುವ ಹೊತ್ತಿಗೆ ಇಬ್ಬರ ಮುಖವೂ ಗುರುತು ಸಿಗದಂತಾಗಿತ್ತು.

ಬೀಜದ ಟಗರು ಒಡೆದ ಸುದ್ದಿ ಹಟ್ಟಿಯಿಂದ ಹಟ್ಟಿಗೆ ಹೋಯಿತು. ಓಬಯ್ಯನ ಕೈ ತಪ್ಪಿತಂತೆ, ಇನ್ನು ಪಶು ಆಸ್ಪತ್ರೆಯವರನ್ನೇ ಕರೆಯೋಣ ಎಂದು ಜನ ಮಾತಾಡಿಕೊಂಡರು. ಓಬಯ್ಯನಿಗೆ ತೊಡೆಯ ಏಟಿಗಿಂತ ಈ ಮಾತು ಹೆಚ್ಚು ನೋಯಿತು. ಕಂದಿದ ಚರ್ಮ ಹದಿನೈದು ದಿನಕ್ಕೆ ತಿಳಿಯಾಯಿತು, ಗಂಟು ಮಾತ್ರ ಉಳಿಯಿತು. ಯುಗಾದಿಗೆ ಅದು ನಿಂಬೆಹಣ್ಣಿನಷ್ಟಾಗಿತ್ತು. ಯಾರೋ ನೋಡಿ, ಇದು ಪೆದ್ದಣ್ಣನ ಏಟಲ್ಲವೇ ಎಂದರು. ಓಬಯ್ಯ ಹೂಂ ಅಂದ. ಅಷ್ಟೇ. ಆ ಒಂದು ಹೂಂಕಾರದಿಂದ ಟಗರಿನ ಮಾತು ಹಿಂದೆ ಬಿದ್ದು ತೊಡೆಯ ಮಾತು ಮುಂದೆ ಬಂತು. ತಪ್ಪು ಮಾಡಿದವನು ಏಟು ತಿಂದವನಾದ.

ಮೊದಮೊದಲು ಅದು ಸುಳ್ಳೆಂದು ಅವನಿಗೆ ಗೊತ್ತಿತ್ತು. ಆಮೇಲೆ ತನ್ನ ಕಸುಬಿನ ವಿದ್ಯೆಯನ್ನೇ ಅದಕ್ಕೆ ಊರುಗೋಲು ಮಾಡಿಕೊಂಡ. ಏಟು ಬಿದ್ದ ನರ ಗಂಟುಗಟ್ಟುತ್ತದೆ, ಊದುತ್ತದೆ, ಬತ್ತುತ್ತದೆ. ಟಗರಿಗೆ ಹದಿನೈದು ದಿನವಾದರೆ ಮನುಷ್ಯನಿಗೆ ಆರು ತಿಂಗಳಾಗಲಿ. ಆಸ್ಪತ್ರೆಗೆ ನಡಿ ಎಂದು ಗೌರಕ್ಕ ಹೇಳಿದಾಗಲೆಲ್ಲ, ಊದಿದ್ದು ಬತ್ತಲೇಬೇಕು ಸುಮ್ಮನಿರು ಎಂದು ಗದರಿದ. ಲೋಕದಲ್ಲಿ ಗಂಟು ಕಂಡು ಹೆದರದವರು ಬಹಳ ಜನರಿದ್ದಾರೆ. ಶಾಸ್ತ್ರಬದ್ಧವಾಗಿ ಹೆದರದೆ ಕೂತವನು ಓಬಯ್ಯ ಒಬ್ಬನೇ ಇರಬೇಕು.

ಶ್ರಾವಣದ ಹೊತ್ತಿಗೆ ಗಂಟು ತೆಂಗಿನಕಾಯಿಯಷ್ಟಾಯಿತು. ಕಾಲು ಪಾದದ ತನಕ ಊದಿ, ನೀಲಿ ತಿರುಗಿ, ನಡೆಯುವುದು ನಿಂತಿತು. ರಜೆ ಹಾಕಿ ಬಂದ ಚಿಕ್ಕರಾಜು ಅಪ್ಪನ ಕಾಲು ನೋಡಿದ. ನೇರವಾಗಿ ಪೆದ್ದಣ್ಣನ ಮನೆಗೆ ಹೋಗಿ, ಊಟಕ್ಕೆ ಕೂತಿದ್ದವನ ಜುಟ್ಟು ಹಿಡಿದು ಬೀದಿಯುದ್ದ ಎಳೆದುಕೊಂಡು ಬಂದ. ಪೆದ್ದಣ್ಣನ ಬಾಯಲ್ಲಿ ಇನ್ನೂ ಮುದ್ದೆಯಿತ್ತು. ಅವನು ಒದೆಯುತ್ತಿದ್ದ, ಕೊಸರುತ್ತಿದ್ದ. ಓಬಯ್ಯನ ಅಂಗಳದ ರುಬ್ಬುವ ಕಲ್ಲಿನ ಮೇಲೆ ಅವನ ಬಲಗೈ ಇಡಲು ಚಿಕ್ಕರಾಜು ಎಷ್ಟು ಎಳೆದರೂ ಆಗಲಿಲ್ಲ. ಮಂಚದ ಮೇಲೆ ಕೂತಿದ್ದ ಓಬಯ್ಯ ಆಗ ಪಂಚೆ ಎತ್ತಿ ತೊಡೆ ತೋರಿಸಿದ.

"ನೋಡ್ಲಾ ಪೆದ್ದ, ನೀನ್ ಮಾಡಿರೋದು."

ಪೆದ್ದಣ್ಣ ನೋಡಿದ. ಅವನ ಮೈಯ ಬಿಗಿ ಒಮ್ಮೆಲೇ ಸಡಿಲವಾಯಿತು. "ಸಾಯ್ಲಿ ಅಂತ ಹೊಡೀಲಿಲ್ಲ ಕಣಣ್ಣ," ಎಂದ. ಅಷ್ಟು ಹೇಳಿ ತನ್ನ ಬಲಗೈಯನ್ನು ತಾನೇ ಕಲ್ಲಿನ ಮೇಲೆ ಚಾಚಿದ.

ಚಿಕ್ಕರಾಜು ಅದನ್ನು ಗಮನಿಸಲಿಲ್ಲ, ಸೋತು ಬಿಟ್ಟುಕೊಟ್ಟ ಎಂದುಕೊಂಡ. ಓಬಯ್ಯ ಗಮನಿಸಿದ. ಮಗನ ಕೈಯಲ್ಲಿ ತನ್ನ ಕೊಡತಿ ಮೇಲೆ ಹೋಗುವಾಗ ಬೇಡ ಎನ್ನಲು ಅವನಿಗೆ ಸಮಯವಿತ್ತು. ಮೊದಲ ಏಟಿಗೆ ಬೆರಳುಗಳು ಮುರಿದವು, ಎರಡನೆಯದಕ್ಕೆ ಅಂಗೈ ಒಡೆಯಿತು, ಮೂರನೆಯದಕ್ಕೆ ಮಣಿಕಟ್ಟು. ಪೆದ್ದಣ್ಣನ ಹೆಂಡತಿ ಮಣ್ಣು ತೂರಿ ಶಾಪ ಹಾಕುತ್ತಿದ್ದಳು. ಪೆದ್ದಣ್ಣ ಮಾತ್ರ ಹಲ್ಲು ಕಚ್ಚಿಕೊಂಡು ಒಂದು ದನಿ ಮಾಡಲಿಲ್ಲ. ಸತ್ಯ ಹೇಳಬೇಕೆಂದರೆ ಆ ಹೊತ್ತಿನಲ್ಲಿ ಓಬಯ್ಯನಿಗೆ ಸುಖವಾಯಿತು. ಏಟಿಗೆ ಏಟು ಬಿತ್ತು, ಲೋಕ ತನಗೆ ಅರ್ಥವಾಗುವಂತೆ ನಡೆಯಿತು ಎನಿಸಿತು.

ಮಾರನೆಯ ದಿನ ಪೆದ್ದಣ್ಣನ ಬಾಮೈದರು ದೊಣ್ಣೆ ಹಿಡಿದು ಬಂದರು. ತಲೆಗಳು ಉರುಳುವ ಮೊದಲು ಹಟ್ಟಿಯ ಯಜಮಾನ ಚಿಕ್ಕನರಸಯ್ಯ ಕಂಬಳಿ ಗದ್ದುಗೆ ಹಾಸಿಸಿದ. ಗೊಲ್ಲರಲ್ಲಿ ಕಂಬಳಿ ಗದ್ದುಗೆಯ ಮೇಲೆ ಕೈಯಿಟ್ಟು ಆಡಿದ ಮಾತಿಗೆ ಸಾಕ್ಷಿ ಬೇಕಿಲ್ಲ, ಸಾಬೀತು ಬೇಕಿಲ್ಲ. ಅಲ್ಲಿ ಸುಳ್ಳು ಹೇಳಿದವನನ್ನು ಹಟ್ಟಿ ಯಾವತ್ತೂ ಕಂಡಿರಲಿಲ್ಲ, ಹಾಗಾಗಿ ಅದಕ್ಕೆ ಶಿಕ್ಷೆ ಏನೆಂಬುದೂ ಯಾರಿಗೂ ಗೊತ್ತಿರಲಿಲ್ಲ. ಏಟಿನಿಂದ ಬಂದ ಗಂಟಾದರೆ ಕಾಲಿಗೆ ಕೈ ಸರಿಹೋಯಿತು, ಮುಂಚೆಯೇ ಇದ್ದ ಗಂಟಾದರೆ ಚಿಕ್ಕರಾಜು ಮಾಡಿದ್ದು ಪಾಪ, ಪೊಲೀಸರಿಗೆ ಒಪ್ಪಿಸಬೇಕು ಎಂದು ಯಜಮಾನ ಮೊದಲೇ ಬಿಡಿಸಿ ಹೇಳಿದ. ಆಮೇಲೆ ಕೇಳಿದ.

"ಓಬಯ್ಯ, ಆ ಗಂಟು ಏಟಿಗೆ ಮುಂಚೆ ಇತ್ತಾ, ಇರ್ಲಿಲ್ವಾ? ಅದೊಂದು ಹೇಳ್ಬುಡು."

ಓಬಯ್ಯ ಮಗನ ಕಡೆ ನೋಡಿದ. ಮಗ ತಲೆಯೆತ್ತಿ ನಿಂತಿದ್ದ, ಅಪ್ಪನ ಮಾತಿನ ಮೇಲೆ ಒಂದಿಷ್ಟೂ ಅನುಮಾನವಿಲ್ಲದೆ. ಓಬಯ್ಯ ಕಂಬಳಿಯ ಮೇಲೆ ಕೈಯಿಟ್ಟು, ಇರಲಿಲ್ಲ ಎಂದ. ಓಬಯ್ಯ ಸತ್ತರೆ ಪೆದ್ದಣ್ಣ ಕುರಿ ಸಮೇತ ಹಟ್ಟಿ ಬಿಡಬೇಕೆಂದೂ ತೀರ್ಮಾನವಾಯಿತು. ಬಟ್ಟೆ ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ಕೂತಿದ್ದ ಪೆದ್ದಣ್ಣ ಎಲ್ಲಕ್ಕೂ ತಲೆಯಾಡಿಸಿದ. ಪೊಲೀಸರ ಹತ್ತಿರ ಹೋಗಲಿಲ್ಲ. ನಾಟಿ ವೈದ್ಯ ಕಟ್ಟಿದ ಕೈ ವಕ್ರವಾಗಿ ಕೂಡಿಕೊಂಡು, ಕೋಳಿಯ ಕಾಲಿನ ಹಾಗೆ ಮುದುಡಿತು.

ಇಷ್ಟಾದ ಮೇಲೆ ಚಿಕ್ಕರಾಜು ಅಪ್ಪನ ಶಾಸ್ತ್ರ ಕೇಳುವುದನ್ನು ಬಿಟ್ಟು, ಅವನನ್ನು ಎತ್ತಿ ಕಾರಿಗೆ ಹಾಕಿಕೊಂಡು ಮಧುಗಿರಿಗೆ ಹೋದ. ಅಲ್ಲಿಂದ ತುಮಕೂರಿನ ಒಂದು ಸ್ಕ್ಯಾನಿಂಗ್ ಸೆಂಟರಿಗೆ. ತೊಡೆಯ ದೊಡ್ಡ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದು ಕರಗಿಸುವ ಮಾತ್ರೆ ಕೊಟ್ಟರು. ಹೆಪ್ಪು ಕರಗಲಿಲ್ಲ. ಒಂದು ತಿಂಗಳಿಗೆ ಹೊಟ್ಟೆಯ ಕೆಳಭಾಗವೂ ಬಿಗಿಯತೊಡಗಿತು. ಕೊನೆಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ತೊಡೆಗೆ ಸೂಜಿ ಚುಚ್ಚಿ ಚೂರು ತೆಗೆದು ನೋಡಿದಾಗ ನಿಜ ಗೊತ್ತಾಯಿತು.

ನಿಜ ಹೇಳಿದ್ದು ಯಶಸ್ವಿನಿ ಎಂಬ ಡಾಕ್ಟರು. ಕೊರಟಗೆರೆ ಕಡೆಯ ಹೆಣ್ಣುಮಗಳು, ವಯಸ್ಸು ಚಿಕ್ಕದು, ಮಾತು ನೇರ. ಇದು ಮೆತ್ತನೆಯ ಮಾಂಸದಲ್ಲಿ ಹುಟ್ಟುವ ಕ್ಯಾನ್ಸರು ಎಂದಳು. ಸಾಮಾನ್ಯವಾಗಿ ಇದು ಹಬ್ಬಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಓಬಯ್ಯನಲ್ಲಿ ಅದು ತೊಡೆಯ ರಕ್ತನಾಳದ ಗೋಡೆ ಕೊರೆದು ಒಳಗೆ ಇಳಿದು, ನಾಳದೊಳಗೇ ಹಗ್ಗದ ಹಾಗೆ ಬೆಳೆಯುತ್ತ ಸೊಂಟ ದಾಟಿ, ಹೃದಯಕ್ಕೆ ರಕ್ತ ಒಯ್ಯುವ ಹೊಟ್ಟೆಯ ಮಹಾನಾಳದ ತನಕ ಏರಿದೆ. ಹೀಗೆ ಏರಿದ್ದನ್ನು ತಾನು ಇದುವರೆಗೆ ಇನ್ನೊಬ್ಬರಲ್ಲಿ ಮಾತ್ರ ನೋಡಿದ್ದೇನೆ ಎಂದಳು. ಹೆಪ್ಪುಗಟ್ಟಿದ ರಕ್ತ ಎಂದು ಮೊದಲು ಕಂಡದ್ದು ರಕ್ತವಲ್ಲ, ಇದೇ. ಕಂಪ್ಯೂಟರಿನ ಪರದೆಯಲ್ಲಿ ಅದನ್ನು ತೋರಿಸಿದಳು. ಓಬಯ್ಯ ನೋಡಿದ. ಒಂದು ಮೊಳಕ್ಕಿಂತ ಉದ್ದ.

ಏಟಿನಿಂದಲೇ ತಾನೆ ಮೇಡಂ, ಎಂದು ಚಿಕ್ಕರಾಜು ಕೇಳಿದ. ಏಟಿನಿಂದ ಇಂಥದು ಹುಟ್ಟುತ್ತದೆ ಎಂದು ನಾವು ಹೇಳುವುದಿಲ್ಲ, ಎಷ್ಟೋ ಸಲ ಮೊದಲೇ ಇದ್ದ ಗಂಟು ಏಟು ಬಿದ್ದ ಮೇಲೆ ಕಣ್ಣಿಗೆ ಬೀಳುತ್ತದೆ ಅಷ್ಟೆ, ಎಂದು ಹೇಳಿ ಆಕೆ ಓಬಯ್ಯನ ಕಡೆ ತಿರುಗಿ, ಮುಂಚೆ ಏನಾದರೂ ಇತ್ತಾ ಎಂದಳು. ಓಬಯ್ಯ ಇಲ್ಲ ಎಂದ. ಆಚೆ ಬಂದ ಮೇಲೆ ಚಿಕ್ಕರಾಜು ಅಪ್ಪನ ಗಾಲಿಕುರ್ಚಿ ತಳ್ಳುತ್ತ, ಡಾಕ್ಟರಿಗೇನು ಗೊತ್ತು, ನೀನು ಕಂಬಳಿ ಮುಟ್ಟಿ ಹೇಳಿದ್ದೀಯಲ್ಲ ಎಂದ. ಓಬಯ್ಯನಿಗೆ ಬಂದ ಕೋಪ ಯಾರ ಮೇಲೆಂದು ಅವನಿಗೇ ತಿಳಿಯಲಿಲ್ಲ. ಹೊಡೆಯಲು ಎದುರಿಗೆ ಯಾರೂ ಇರಲಿಲ್ಲ. ಯಾರೂ ಮಾಡದೆ ಇಷ್ಟು ದೊಡ್ಡದಾಯಿತಲ್ಲ ಎಂದು ಅವನಿಗೆ ಅಳು ಬಂತು.

ಉಳಿದ ದಾರಿ ಒಂದೇ. ಕಾಲನ್ನು ಸೊಂಟದ ಕೀಲಿನಿಂದಲೇ ತೆಗೆಯಬೇಕು, ಹೊಟ್ಟೆ ಸೀಳಿ ಮಹಾನಾಳಕ್ಕೆ ಇಕ್ಕಳ ಹಾಕಿ, ಅದನ್ನು ಕೊಯ್ದು ಒಳಗಿನ ಹಗ್ಗವನ್ನು ತುಂಡಾಗದಂತೆ ಎಳೆದು ತೆಗೆಯಬೇಕು. ತುಂಡೊಂದು ಕಳಚಿ ಮೇಲೆ ಹೋದರೆ ಮೇಜಿನ ಮೇಲೇ ಪ್ರಾಣ ಹೋಗುತ್ತದೆ. ಮಾಡದಿದ್ದರೆ ಇಂದೋ ನಾಳೆಯೋ ಅದೇ ಆಗುತ್ತದೆ. ಬಹಳ ರಕ್ತ ಬೇಕಾಗುತ್ತದೆ, ಹತ್ತು ಜನರನ್ನಾದರೂ ಕರೆತನ್ನಿ ಎಂದು ಆಸ್ಪತ್ರೆಯವರು ಹೇಳಿದರು. ಕತ್ತರಿಸದೆ, ಒಂದು ತೊಟ್ಟು ರಕ್ತ ಕಾಣಿಸದೆ ಕೆಲಸ ಮಾಡುವುದೇ ಹಿರಿಮೆ ಎಂದು ಬದುಕಿದವನಿಗೆ ಕೊನೆಗೆ ಬಂದದ್ದು ಈ ಲೆಕ್ಕ.

ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ ಹಟ್ಟಿಯಿಂದ ಒಂದು ಟೆಂಪೊ ಬಂತು. ಯಜಮಾನ ಚಿಕ್ಕನರಸಯ್ಯನೂ ಬಂದಿದ್ದ. ಅರವತ್ತು ದಾಟಿದವರದು ತೆಗೆದುಕೊಳ್ಳುವುದಿಲ್ಲವೆಂದು ರಕ್ತನಿಧಿಯವರು ಅವನನ್ನು ವಾಪಸ್ ಕಳಿಸಿದ್ದಕ್ಕೆ ಮುಖ ಊದಿಸಿಕೊಂಡಿದ್ದ. ಮಧ್ಯಾಹ್ನ ಓಬಯ್ಯನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಬಂದವರನ್ನು ಮಾತಾಡಿಸಲೆಂದು ಚಿಕ್ಕರಾಜು ಪಡಸಾಲೆಗೆ ತಂದ. ಗೌರಕ್ಕ ಪಕ್ಕದಲ್ಲಿ ನಿಂತಿದ್ದಳು. ರಕ್ತ ಕೊಟ್ಟವರು ಒಬ್ಬೊಬ್ಬರಾಗಿ ಎಡ ಮೊಣಕೈ ಮಡಿಸಿಕೊಂಡು ಬರುತ್ತಿದ್ದರು. ಕೊನೆಗೆ ಬಂದವನು ಪೆದ್ದಣ್ಣ.

ಇವನು ಯಾಕೆ ಬಂದ ಎಂದು ಚಿಕ್ಕರಾಜು ಯಜಮಾನನ ಮೇಲೆ ರೇಗಿದ. ಬೇಡವೆಂದರೂ ಟೆಂಪೊ ಹತ್ತಿ ಕೂತ, ಎಲ್ಲರಿಗಿಂತ ಮುಂಚೆ ಹೋಗಿ ಮಲಗಿದ, ತಲೆ ಸುತ್ತಿ ಅರ್ಧ ಗಂಟೆ ಅಲ್ಲೇ ಇಟ್ಟುಕೊಂಡಿದ್ದರು ಎಂದು ಯಜಮಾನ ಹೇಳಿದ. ಪೆದ್ದಣ್ಣ ಓಬಯ್ಯನ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತ. ರಕ್ತ ಕೊಟ್ಟವರಿಗೆ ಕೊಡುವ ಬಿಸ್ಕತ್ತಿನ ಪೊಟ್ಟಣ ಅವನ ಮುದುಡಿದ ಬಲಗೈಯ ಸಂದಿಯಲ್ಲಿತ್ತು. ಅದನ್ನು ಎಡಗೈಯಿಂದ ಎಳೆದು ಓಬಯ್ಯನ ಮಡಿಲಲ್ಲಿ ಇಟ್ಟ.

"ತಿನ್ನಣ್ಣ. ಒಂದು ಬಾಟ್ಲಿ ಕೊಟ್ಟಿವ್ನಿ. ಇನ್ನೂ ಬೇಕಂದ್ರೆ ತಕ್ಕೊಳ್ಳಿ ಅಂದೆ, ಅವ್ರೇ ಬ್ಯಾಡ ಅಂದ್ರು. ನೀನು ಬದುಕ್ಬೇಕು ಕಣಣ್ಣ. ನಿನ್ನ ಕೊಂದೋನು ಅಂತ ನಂಗೆ ಬದುಕಾಕಾಗಲ್ಲ."

ಓಬಯ್ಯ ಬಿಸ್ಕತ್ತು ನೋಡಿದ, ಕೈ ನೋಡಿದ. ಏಟು ತಿಂದು ಗೊತ್ತಿತ್ತು ಅವನಿಗೆ, ಕೊಟ್ಟು ಗೊತ್ತಿತ್ತು. ಇದನ್ನು ತಡೆದುಕೊಳ್ಳುವುದು ಗೊತ್ತಿರಲಿಲ್ಲ. ನಾಳೆ ಈ ಮನುಷ್ಯನ ರಕ್ತ ತನ್ನ ನಾಳದಲ್ಲಿ ಹರಿಯಬೇಕು, ತಾನು ಸತ್ತರೆ ಇವನೇ ಹಟ್ಟಿ ಬಿಡಬೇಕು. ಸುಮ್ಮನಿದ್ದರೆ ಮಗ ತನ್ನವನಾಗಿ ಉಳಿಯುತ್ತಾನೆ. ಬಾಯಿ ಬಿಟ್ಟರೆ ಉಳಿಯುವುದಿಲ್ಲ. ಅವನಿಗೆ ಅದು ಬಹಳ ಸ್ಪಷ್ಟವಾಗಿ ತಿಳಿದಿತ್ತು, ಮಗನ ಕೈ ಆಗಲೂ ಅವನ ಕುರ್ಚಿಯ ಹಿಡಿಯ ಮೇಲೆ ಇತ್ತು.

"ಪೆದ್ದಣ್ಣ," ಎಂದ ಓಬಯ್ಯ, "ಆ ಗಂಟು ಮುಂಚೇನೇ ಇತ್ತು. ನೀನ್ ಹೊಡೆಯಾಕೆ ಮೂರು ತಿಂಗ್ಳು ಮುಂಚೆ. ದೀಪಾವಳೀಗೆ ನನ್ ಕೈಗೆ ಸಿಕ್ಕಿತ್ತು."

ಪೆದ್ದಣ್ಣನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಏನೋ ಲೆಕ್ಕ ಹಾಕುವವನ ಹಾಗೆ ತುಟಿ ಅಲ್ಲಾಡಿಸಿದ. ಆಮೇಲೆ ತನ್ನ ಬಲಗೈಯನ್ನು ತಾನೇ ನೋಡಿಕೊಂಡ.

"ಇದನ್ನ ಜಜ್ಜುವಾಗ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಪೆದ್ದಣ್ಣ ಎದ್ದ. ಇಷ್ಟು ತಿಂಗಳು ತಾನೊಬ್ಬ ಕೊಲೆಗಾರ ಎಂದುಕೊಂಡು ತಲೆತಗ್ಗಿಸಿ ನಡೆದ ಸಾಧು ಮನುಷ್ಯನಿಗೆ ಆ ಕ್ಷಣ ಬಂದ ಸಿಟ್ಟನ್ನು ಆ ಆಸ್ಪತ್ರೆಯ ಗೋಡೆಗಳು ಕಂಡಿರಲಿಕ್ಕಿಲ್ಲ. ಎಡಗೈಯ ಮುಷ್ಟಿ ಓಬಯ್ಯನ ಬಾಯಿಗೆ ಬಿತ್ತು. ಕುರ್ಚಿ ಉರುಳಿತು. ಪೆದ್ದಣ್ಣ ಮೇಲೆ ಬಿದ್ದು ಮುಖಕ್ಕೆ, ಎದೆಗೆ ಗುದ್ದಿದ. ಎಡಗೈ ಸೋತಾಗ ಆ ಮುದುಡಿದ ಬಲಗೈಯಿಂದಲೇ ಗುದ್ದಿದ, ಪ್ರತಿ ಗುದ್ದಿಗೂ ನೋವಿಗೆ ತಾನೇ ಕೂಗಿಕೊಳ್ಳುತ್ತ. ಅವನ ಮೊಣಕೈಗೆ ಅಂಟಿಸಿದ್ದ ಹತ್ತಿ ಕಿತ್ತುಹೋಗಿ ಸೂಜಿಯ ತೂತಿನಿಂದ ರಕ್ತ ಇಳಿದು ಓಬಯ್ಯನ ಅಂಗಿಯ ಮೇಲೆಲ್ಲ ಚೆಲ್ಲಿತು. ಓಬಯ್ಯ ಕೈ ಅಡ್ಡ ಹಿಡಿಯಲಿಲ್ಲ. ಹಟ್ಟಿಯ ಹನ್ನೊಂದು ಜನ ಗಂಡಸರು ನಿಂತಲ್ಲೇ ನಿಂತಿದ್ದರು. ಚಿಕ್ಕರಾಜು ಎರಡು ಹೆಜ್ಜೆ ದೂರದಲ್ಲಿದ್ದ, ಅವನೂ ಮುಂದೆ ಬರಲಿಲ್ಲ. ಕಡೆಗೆ ಕಾವಲುಗಾರರು ಓಡಿ ಬಂದು ಪೆದ್ದಣ್ಣನನ್ನು ಎಳೆದರು.

ಅವರ ಕೈಯಿಂದ ಕೊಸರಿಕೊಂಡು ಪೆದ್ದಣ್ಣ ನೇರ ರಕ್ತನಿಧಿಯ ಕಿಟಕಿಗೆ ಹೋದ. ನನ್ನ ರಕ್ತ ನನಗೆ ವಾಪಸ್ ಕೊಡಿ ಎಂದು ಗಾಜು ಬಡಿದ. ಕೊಟ್ಟ ರಕ್ತ ಹಾಗೆ ವಾಪಸ್ ಕೊಡಲು ಬರುವುದಿಲ್ಲ, ಅದು ಯಾರಿಗೆ ಹೋಗುತ್ತದೋ ನಮಗೂ ಗೊತ್ತಿರುವುದಿಲ್ಲ ಎಂದು ಒಳಗಿನ ಹುಡುಗಿ ಮೆಲ್ಲಗೆ ತಿಳಿಸಿ ಹೇಳಿದಳು. ಯಾರಿಗಾದರೂ ಹಾಕಿ, ನಾಯಿಗೆ ಹಾಕಿ, ಅವನಿಗೆ ಬೇಡ ಎಂದು ಹೇಳಿ ಪೆದ್ದಣ್ಣ ಅಲ್ಲೇ ಕಿಟಕಿಯ ಕೆಳಗೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಯಜಮಾನ ಅವನ ಪಕ್ಕ ಕೂತ. ಕಂಬಳಿ ಗದ್ದುಗೆಯ ಮೇಲೆ ಸುಳ್ಳು ಹೇಳಿದವನಿಗೆ ಏನು ಶಿಕ್ಷೆ ಎಂದು ಯಾರೋ ಕೇಳಿದ್ದಕ್ಕೆ, ನಂಗೊತ್ತಿಲ್ಲ ಸುಮ್ಮನಿರಿ ಎಂದ.

ಇತ್ತ ಚಿಕ್ಕರಾಜು ಅಪ್ಪನನ್ನು ನೆಲದಿಂದ ಎತ್ತಿ ಕುರ್ಚಿಯಲ್ಲಿ ಕೂರಿಸಿದ. ತನ್ನ ಟವೆಲ್ಲಿನಿಂದ ಬಾಯಿಯ ರಕ್ತ ಒರೆಸಿದ, ಊದಿದ ಕಾಲನ್ನು ಮೆಲ್ಲಗೆ ಎತ್ತಿ ಹಲಗೆಯ ಮೇಲಿಟ್ಟ. ಡಾಕ್ಟರು ಯಶಸ್ವಿನಿ ಬಂದು ನೋಡಿ, ಗಂಟಿಗೆ ಪೆಟ್ಟಾಗಿಲ್ಲ, ಬಾಯಿಗೆ ಎರಡು ಹೊಲಿಗೆ ಸಾಕು, ನಾಳೆ ಮಾಡಲೇಬೇಕು ಎಂದಳು. ಚಿಕ್ಕರಾಜು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದ. ಓಬಯ್ಯ ಅವನ ಮುಖವನ್ನೇ ನೋಡುತ್ತಿದ್ದ. ಒರೆಸಿದನಲ್ಲ, ಸಹಿ ಹಾಕಿದನಲ್ಲ, ಇನ್ನೇನು ಬೇಕು ಎಂದು ಸಮಾಧಾನ ಮಾಡಿಕೊಂಡ. ಅಂಥ ಸಮಾಧಾನ ಇಲ್ಲದಿದ್ದರೆ ಅವನು ಆ ಮೇಜಿನ ಮೇಲೆ ಮಲಗುತ್ತಿರಲಿಲ್ಲ.

ಒಂಬತ್ತು ಗಂಟೆ ಹಿಡಿಯಿತು. ಎದೆಯ ಕೆಳಗಿನಿಂದ ಕಿಬ್ಬೊಟ್ಟೆಯ ತನಕ ಸೀಳಿದರು. ಮಹಾನಾಳವನ್ನು ಮೇಲೆ ಕೆಳಗೆ ಬಿಗಿದು ಕೊಯ್ದಾಗ, ಎಷ್ಟು ಬಿಗಿದರೂ ರಕ್ತ ಚಿಮ್ಮಿ ವೈದ್ಯರ ಕನ್ನಡಕದ ಮೇಲೆ ಬಿತ್ತಂತೆ. ಒಂದು ಗಳಿಗೆ ನಾಡಿ ಸಿಗಲೇ ಇಲ್ಲವಂತೆ, ಮೇಲಿಂದ ರಕ್ತ ಹಿಂಡಿ ಹಿಂಡಿ ಹಾಕಿದರಂತೆ. ಬಿಳಿ ಹಗ್ಗದಂಥದ್ದು ಕೊನೆಗೂ ತುಂಡಾಗದೆ ಬಂತು. ಆಮೇಲೆ ಕಾಲು. ಹನ್ನೆರಡು ಬಾಟಲಿ ರಕ್ತ ಹೋಯಿತು. ಅದರಲ್ಲಿ ಪೆದ್ದಣ್ಣನದು ಇತ್ತೋ ಇಲ್ಲವೋ ಯಾರೂ ಹೇಳಲಾರರು. ಬದುಕುತ್ತಾನೆ, ಎಷ್ಟು ವರ್ಷ ಎಂದು ಮಾತ್ರ ಕೇಳಬೇಡಿ ಎಂದು ಡಾಕ್ಟರು ಗೌರಕ್ಕನಿಗೆ ಹೇಳಿದಳು.

ಮೂರನೆಯ ದಿನ ಓಬಯ್ಯನಿಗೆ ಸರಿಯಾಗಿ ಎಚ್ಚರವಾಯಿತು. ಬಲಗಡೆ ಸೊಂಟದ ಕೆಳಗೆ ಹೊದಿಕೆ ಚಪ್ಪಟೆಯಾಗಿ ಹಾಸಿಗೆಗೆ ಅಂಟಿಕೊಂಡಿತ್ತು. ಗೌರಕ್ಕ ಚಮಚದಲ್ಲಿ ನೀರು ಬಿಟ್ಟಳು. ಎರಡು ಚಮಚ ನುಂಗಿ, ಹೊಲಿಗೆ ಹಾಕಿದ ತುಟಿಯಲ್ಲೇ, ಚಿಕ್ಕರಾಜು ಎಲ್ಲಿ ಎಂದು ಕೇಳಿದ.

ಗೌರಕ್ಕ ಲೋಟ ಕೆಳಗಿಟ್ಟಳು. ಆಪರೇಷನ್ ಮುಗಿಯುವ ತನಕ ಬಾಗಿಲಲ್ಲೇ ಇದ್ದ, ಜೀವ ಉಂಟು ಎಂದು ಡಾಕ್ಟರು ಹೇಳಿದ ಮೇಲೆ ಎದ್ದು ಹೋದ ಎಂದಳು. ಸೋಲಾರಿನ ಕೆಲಸ ಬಿಟ್ಟನಂತೆ. ಯಜಮಾನನ ಮುಂದೆ ಪೆದ್ದಣ್ಣನ ಕಾಲು ಹಿಡಿದು, ಪೊಲೀಸರಿಗೆ ಬೇಕಾದರೆ ಒಪ್ಪಿಸು ಎಂದನಂತೆ. ಪೆದ್ದಣ್ಣ ಒಪ್ಪಿಸಲಿಲ್ಲ, ಕುರಿ ಕಾಯುವವರು ಯಾರು ಎಂದಷ್ಟೇ ಕೇಳಿದನಂತೆ.

"ಅವರ ಮನೇಲೇ ಇರ್ತಾನಂತೆ," ಎಂದಳು ಗೌರಕ್ಕ. "ಅವರ ಮಂದೆ ಮೇಯಿಸ್ಕೊಂಡು. ಇತ್ಲಾಗೆ ಬರಲ್ಲ ಅಂತ ನಂಗೆ ಹೇಳೇ ಹೋದ."

"ಎಷ್ಟು ದಿನ?"

"ಅವನ ಕೈ ಸರಿಹೋಗೋ ಗಂಟ ಅಂದ."

ಓಬಯ್ಯ ಕಣ್ಣು ಮುಚ್ಚಿಕೊಂಡ. ಬೆರಳು, ಅಂಗೈ, ಮಣಿಕಟ್ಟು, ಮೂರು ಏಟನ್ನೂ ಅವನು ಮಂಚದ ಮೇಲೆ ಕೂತು ನೋಡಿದ್ದ. ಆ ಕೈ ಇನ್ನು ಸರಿಹೋಗುವುದಲ್ಲ. ಅದು ಅವನಿಗಿಂತ ಚೆನ್ನಾಗಿ ಆ ಹಟ್ಟಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.